ಹೇಮಲತಾ ತಿರುಗಿಸುವುದು ಬಲಕ್ಕೇ

ಅರಸೀಕೆರೆಯ ಕೊಬ್ಬರಿ ಮಂಡಿಗಳ ಬಾಗಿಲು ಇನ್ನೂ ತೆರೆದಿಲ್ಲ. ನಿಲ್ದಾಣದ ಕಡೆಯಿಂದ ಬಂದ ರೈಲಿನ ಕೂಗು ಮಂಜಿನಲ್ಲಿ ಸೇರಿಹೋಗುತ್ತದೆ. ಮಂಡಿಯೊಂದರ ಮೇಲಿನ ಕೋಣೆಯಲ್ಲಿ ಮಾತ್ರ ನೀಲಿ ಬೆಳಕು. ಅಲ್ಲಿ ಹೇಮಲತಾ ಶಾಲು ಹೊದ್ದು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಮದುಮಗಳೊಬ್ಬಳು ಕಮಲದ ಹೂವಿನೊಳಗೆ ನಿಧಾನವಾಗಿ ತಿರುಗುತ್ತಾ, ತಿರುಗುತ್ತಲೇ ಮಸುಕಾಗುತ್ತಾ, ಕೊನೆಗೆ ಬೇಲೂರಿನ ಗೋಪುರವಾಗುತ್ತಾಳೆ.

"ಈ ಹೊತ್ನಲ್ಲಿ ಕರೆಂಟು ಚೆನ್ನಾಗಿರ್ತೈತೆ ಕಣ್ರೀ. ಮಿಲ್ಲುಗಳು ಶುರುವಾದ್ರೆ ವೋಲ್ಟೇಜು ಬಿದ್ದೋಗ್ತೈತೆ. ಕಂಪ್ಯೂಟ್ರು ಅರ್ಧದಲ್ಲಿ ಕೈಕೊಟ್ರೆ ಮಾಡಿದ್ದೆಲ್ಲ ನೀರುಪಾಲು" ಎನ್ನುತ್ತಾರೆ, ಪರದೆಯಿಂದ ಕಣ್ಣು ಕೀಳದೆ.

ಈ ಸೀಮೆಯ ಮದುವೆ ಕ್ಯಾಸೆಟ್ಟುಗಳನ್ನು, ಈಚೆಗೆ ಸಿಡಿಗಳನ್ನು, ನೋಡಿದವರಿಗೆಲ್ಲ ಹೇಮಲತಾರ ಕೈಚಳಕ ಗೊತ್ತು, ಹೇಮಲತಾ ಗೊತ್ತಿಲ್ಲ. ಹಾರ ಹಾಕುವ ಹೊತ್ತಿಗೆ ಚಿತ್ರ ಬುಗುರಿಯಂತೆ ಸುತ್ತಬೇಕು. ತಾಳಿ ಕಟ್ಟುವ ಕೈ ಕರಗಿ ದೀಪವಾಗಬೇಕು. ನಗುವವರು ನಗಲಿ. ತಮ್ಮ ಮದುವೆಯ ಸಿಡಿಯಲ್ಲಿ ಇದೆಲ್ಲ ಇಲ್ಲದಿದ್ದರೆ ಮೊದಲು ಮುಖ ಊದಿಸಿಕೊಳ್ಳುವವರು ಅವರೇ. ಗಂಡ ಮಹಾಂತೇಶ್ ಕ್ಯಾಮೆರಾ ಹೊತ್ತು ಬಿಕ್ಕೋಡಿನಿಂದ ಗಂಡಸಿಯವರೆಗೆ ಓಡಾಡುತ್ತಾರೆ, ಮದುವೆಮನೆಯವರು ಕರೆದು ಎಲೆ ಹಾಕುತ್ತಾರೆ. ಕೋಣೆಯಲ್ಲಿ ಕೂತು ಆ ಚಿತ್ರಗಳನ್ನು ಕತ್ತರಿಸಿ, ಜೋಡಿಸಿ ಮಿಕ್ಸಿಂಗ್ ಮಾಡುವ ಹೆಂಡತಿಗೆ ತಣ್ಣಗಾದ ಮುದ್ದೆಯೇ ಗತಿ.

ಕೊಬ್ಬರಿ ವ್ಯಾಪಾರದ ಮನೆಯ ಮಗಳಾದ ಹೇಮಲತಾ ಮದುವೆಯಾಗಿ ಬಂದಾಗ ಕಂಪ್ಯೂಟರನ್ನು ಮುಟ್ಟಿಯೂ ನೋಡಿದವರಲ್ಲ. ಅದನ್ನು ತಂದುಕೊಟ್ಟವನು ಒಂದು ಮಧ್ಯಾಹ್ನ ಏನೇನೋ ಒತ್ತಿ ತೋರಿಸಿ ಹೋದ, ಮಿಕ್ಕದ್ದೆಲ್ಲ ತಡಕಾಡಿ ಕಲಿತದ್ದು. ಆದರೆ ಚಿತ್ರ ಕರಗಿಸುವುದನ್ನು ಮಾತ್ರ ಚಿಕ್ಕಂದಿನಲ್ಲೇ ಬಸ್ತಿಹಳ್ಳಿಯಲ್ಲಿ ಕಲಿತೆ ಎನ್ನುತ್ತಾರೆ. ಅಲ್ಲಿ ಅವರ ಸೋದರತ್ತೆಯ ಮನೆ.

"ಬೆಳಿಗ್ಗೆ ಬೆಳಿಗ್ಗೆ ಬಸದಿ ಒಳಗೆ ಹೋಗಿ ಕೂತ್ಕತಿದ್ದೆ. ಮೊದ್ಲು ಏನೂ ಕಾಣ್ತಿರಲಿಲ್ಲ. ಆಮೇಲೆ ಕಂಬ ಒಂದೊಂದೇ ಬತ್ತಿದ್ವು. ಕತ್ಲೆ ಯಾವಾಗ ಹೋಯ್ತು, ಕಂಬ ಯಾವಾಗ ಬಂತು, ಹೇಳಕ್ಕೇ ಆಗ್ತಿರಲಿಲ್ಲ. ಒಂದು ಚಿತ್ರ ಹೋಗಿ ಇನ್ನೊಂದು ಬರೋದೂ ಹಂಗೇ ಇರ್ಬೇಕು ಅಂತ ನನ್ನಾಸೆ."

ಕರಗಿಸುವುದು ಹೀಗೆ ಒಲಿದು ಬಂತು. ತಿರುಗಿಸುವುದು ಮಾತ್ರ ಎಡವಟ್ಟಾಯಿತು.

ಕಂಪ್ಯೂಟರ್ ಬಂದ ಹೊಸತು, ಎರಡು ಸಾವಿರದ ಇಸವಿ. ಗಂಡಸಿಯ ಗಿಡ್ಡಯ್ಯನವರ ಹಿರಿಮಗಳು ಶ್ಯಾಮಲಾಳ ಮದುವೆ. ಗಿಡ್ಡಯ್ಯನವರ ತಾಯಿ ಅಂಕಮ್ಮ ಬಗ್ಗಿ ವಧುವರರಿಗೆ ಅಕ್ಷತೆ ಹಾಕುವ ಚಿತ್ರವನ್ನು ಹೇಮಲತಾ ಹುರುಪಿನಲ್ಲಿ ಗಿರ್ರನೆ ತಿರುಗಿಸಿದರು. ಕ್ಯಾಸೆಟ್ ಕೊಡಲು ದಂಪತಿ ಗಂಡಸಿಗೆ ಹೋದಾಗ ಮನೆತುಂಬ ಜನ ಟಿವಿ ಮುಂದೆ ಕೂತಿದ್ದರು. ಆ ಚಿತ್ರ ಬಂದದ್ದೇ ತಡ, ಅಂಕಮ್ಮ ಕೈ ಎತ್ತಿದರು.

"ಏನವ್ವಾ, ಮದ್ವೆ ಮಕ್ಳನ್ನ ಎಡಕ್ಕೆ ಸುತ್ತಿಸಿದ್ದೀಯಲ್ಲ! ಅದು ಮಸಾಣದಲ್ಲಿ ಸುತ್ತೋ ಸುತ್ತು ಕಣವ್ವಾ."

ದೇವರ ಗುಡಿಯಾಗಲಿ, ಆರತಿಯಾಗಲಿ, ಸುತ್ತು ಬಲಕ್ಕೆ ಎಂಬುದು ಹೇಮಲತಾರಿಗೆ ಗೊತ್ತಿರದ ಸಂಗತಿಯೇನಲ್ಲ. ಕಂಪ್ಯೂಟರಿಗೂ ಅದು ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ, ಅಷ್ಟೇ. ಸರಿಮಾಡಿಕೊಡೋಣವೆಂದರೆ ಮಹಾಂತೇಶ್ ಮೂಲ ಕ್ಯಾಸೆಟ್ಟಿನ ಮೇಲೆ ಆಗಲೇ ಬೇರೊಂದು ಮದುವೆ ತೆಗೆದಾಗಿತ್ತು. ತಲೆ ತಗ್ಗಿಸಿ ನಿಂತ ಹೇಮಲತಾರನ್ನು ನೋಡಿ ಅಂಕಮ್ಮನೇ ನಕ್ಕುಬಿಟ್ಟರು. "ಹೋಗ್ಲಿ ಬಿಡವ್ವಾ. ಅವ್ರ ಜೊತೆ ನಾನೂ ಸುತ್ತಿಲ್ವಾ? ಬರೋದೇನಿದ್ರೂ ನನ್ಗೇ ಬರ್ಲಿ."

ಶ್ಯಾಮಲಾ ಎರಡು ಮಕ್ಕಳ ತಾಯಿಯಾಗಿ ಸುಖವಾಗಿದ್ದಾಳೆ. ಅಂಕಮ್ಮ ಹೋದ ವರ್ಷ ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಯಾರೂ ಯಾರನ್ನೂ ದೂರಲಿಲ್ಲ. ಆದರೂ ಸುದ್ದಿ ಕೇಳಿದ ದಿನ ಹೇಮಲತಾ ಅಕ್ಕಿ ಕೇರುತ್ತಾ ಅತ್ತರು. "ಅಜ್ಜಿ ಅಂದಿದ್ದು ನೆಪ್ಪಿಗೆ ಬಂತು. ಎದೇಲಿ ಮುಳ್ಳು ಮುರಿದಂಗಾಯ್ತು" ಎನ್ನುತ್ತಾರೆ.

ಈಗ ಅದೇ ಮನೆಯ ಕಿರಿಮಗಳು ಬಿಂದುಶ್ರೀಯ ಮದುವೆ ಮುಗಿದಿದೆ. ಕಳೆದ ತಿಂಗಳು ಗಿಡ್ಡಯ್ಯ ಆ ಹಳೆಯ ಕ್ಯಾಸೆಟ್ಟನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. "ನಮ್ಮವ್ವ ಯಾವ ಮದ್ವೇಲೂ ಅಡುಗೆ ಒಲೆ ಬಿಟ್ಟು ಈಚೆ ಬಂದೋಳಲ್ಲ. ಅವ್ಳು ನಗ್ತಿರೋದು ಇದೊಂದ್ರಾಗೇ ಇರೋದು. ಬಿಂದೂಗೂ ಅಜ್ಜಿ ಅಕ್ಷತೆ ಬೇಕಂತೆ. ಹೆಂಗಾರಾ ಮಾಡಿ ತಾಯಿ."

ಆದರೆ ಆ ನಗು ಇರುವುದು ಎಡಕ್ಕೆ ಸುತ್ತುವ ಚಿತ್ರದೊಳಗೆ. ಹಾಗೆಯೇ ತಂದು ಸೇರಿಸಿದರೆ ಎರಡನೆಯ ಮೊಮ್ಮಗಳಿಗೂ ಅದೇ ಸುತ್ತು. ಬಿಟ್ಟರೆ ಅಜ್ಜಿಯೇ ಇಲ್ಲ. ಹೇಮಲತಾ ಎಷ್ಟೋ ಮುಂಜಾವುಗಳನ್ನು ಅದರ ಮುಂದೆ ಸುಮ್ಮನೆ ಕೂತು ಕಳೆದರು. ಒಂದು ದಿನ ಕೋಣೆಯ ಕಿಟಕಿಗೆ ಕಾಣುವ ನಿಲ್ದಾಣದಿಂದ ರೈಲು ಹೊರಟಾಗ, ಅದರ ಜೊತೆಗೇ ಓಡುತ್ತಿದ್ದವನೊಬ್ಬ ಬೋಗಿಯೊಳಗಿನವರೊಬ್ಬರಿಗೆ ಏನೋ ಹೇಳುತ್ತಿರುವುದು ಕಂಡಿತು. ಸರಿಸಮನಾಗಿ ಓಡುವಷ್ಟು ಹೊತ್ತು ಅವರಿಬ್ಬರ ನಡುವೆ ಏನೂ ಚಲಿಸುತ್ತಿರಲಿಲ್ಲ.

ಹಾಗಿದ್ದರೆ, ಎಡಕ್ಕೆ ಸುತ್ತುವ ಚಿತ್ರವನ್ನು ಅದೇ ವೇಗದಲ್ಲಿ ಬಲಕ್ಕೆ ತಿರುಗಿಸಿದರೆ?

ಮೊದಮೊದಲು ಅಜ್ಜಿ ಓಲಾಡಿದರು. ವೇಗ ಕೂಡಿ ಬಂದಂತೆ ಓಲಾಟ ತಗ್ಗಿತು. ಕೊನೆಗೆ ಚಿತ್ರದ ಚೌಕಟ್ಟಿನ ಅಂಚುಗಳಷ್ಟೇ ಸುತ್ತತೊಡಗಿದವು, ನಡುವೆ ಅಂಕಮ್ಮನ ಮುಖ ಕದಲದೆ ನಿಂತಿತು. ಹೇಮಲತಾ ಸುತ್ತುವ ಅಂಚನ್ನು ದುಂಡಗೆ ಕತ್ತರಿಸಿ, ಹೊಗೆಯಂತೆ ತೆಳುವಾಗಿಸಿದರು.

ಇವತ್ತು ನೋಡಲು ಗಿಡ್ಡಯ್ಯ ಮಗಳೊಂದಿಗೆ ಮೊದಲ ಬಸ್ಸಿಗೇ ಬಂದಿದ್ದಾರೆ. ಪರದೆಯಲ್ಲಿ ಹಸೆಯ ಮೇಲೆ ಬಿಂದುಶ್ರೀ ತಲೆ ಬಾಗಿಸಿದ್ದಾಳೆ. ಅವಳ ಮೇಲೆ ಬೆಳಕು ಕಟ್ಟುತ್ತದೆ, ಬೆಳಕಿನೊಳಗಿಂದ ಬಸದಿಯ ಕಂಬದ ಹಾಗೆ ಅಜ್ಜಿ ಬರುತ್ತಾರೆ. ನಗುತ್ತಾರೆ, ಅಕ್ಷತೆ ಬೀಳುತ್ತದೆ. ಕುರ್ಚಿಯಲ್ಲಿ ಕೂತ ಬಿಂದುಶ್ರೀ ತನಗರಿವಿಲ್ಲದೆಯೇ ತಲೆ ತಗ್ಗಿಸುತ್ತಾಳೆ. "ಅವ್ವಾ" ಎಂದಷ್ಟೇ ಅಂದು ಗಿಡ್ಡಯ್ಯ ಟವಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

ಅವರು ಹೋದ ಮೇಲೆ, ನಿಮಗೇನು ಆಸೆ ಎಂದರೆ ಹೇಮಲತಾ ನಾಚುತ್ತಾರೆ. "ದೊಡ್ಡದೇನಿಲ್ಲ. ಮದ್ವೆಗೆ ಹೋದಾಗ ಒಂದು ಗಳಿಗೆ ಅಡುಗೆ ಒಲೆ ಕಡೆಗೂ ಕ್ಯಾಮೆರಾ ಹಿಡೀರಿ ಅಂತ ನಮ್ಮೆಜಮಾನ್ರಿಗೆ ಹೇಳಿದೀನಿ."

ಕೆಳಗೆ ಮಂಡಿಯ ಬಾಗಿಲು ತೆರೆದ ಸದ್ದು. ದೀಪ ಸ್ವಲ್ಪ ಮಂಕಾಗುತ್ತದೆ. ಆಫ್ ಮಾಡುವ ಮುಂಚೆ ಅವರು ಇನ್ನೊಮ್ಮೆ ಆ ಚಿತ್ರ ಹಾಕುತ್ತಾರೆ.

"ಎಡಕ್ಕೆ ತಿರುಗಿಸಿದ್ದೂ ನಾನೇ, ಬಲಕ್ಕೆ ತಿರುಗಿಸಿದ್ದೂ ನಾನೇ. ಅಜ್ಜಿ ನೋಡಿ, ಹೆಂಗೆ ನಿಂತವ್ರೆ."