ಬಿಳಿ ಮೆಟ್ಟಿಲು, ಹಿತ್ತಿಲ ಅಗುಳಿ

ವಿನ್ನಿ ಟ್ಯಾಪ್ಸೆಲ್ ನೆದರ್ ಕೋಟ್ ಹಳ್ಳಿಗೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದು ಏಳೆಂಟು ವರ್ಷವಾದ ಮೇಲೆ, ಅಕ್ಟೋಬರಿನ ಒಂದು ಒದ್ದೆ ಮಧ್ಯಾಹ್ನ. ಬಂದವಳು ಕೋಟು ಕೂಡ ಬಿಚ್ಚಲಿಲ್ಲ. ಮುಂಬಾಗಿಲ ಮೆಟ್ಟಿಲ ಮುಂದೆ ಮಂಡಿಯೂರಿ ಕೂತು, ಬ್ರಷ್ಷಿನಿಂದ ತಿಕ್ಕಿ ತೊಳೆದು, ಬಿಳಿ ಕಲ್ಲು ಉಜ್ಜಿ, ಅದನ್ನು ಹಾಲು ಚೆಲ್ಲಿದ ಹಾಗೆ ಮಾಡಿದಳು. ಆಮೇಲೆ ಗಂಡನ ಕೈಗೆ ಸುತ್ತಿಗೆ ಕೊಟ್ಟು ಹಿತ್ತಿಲ ಗೇಟಿಗೆ ಕಬ್ಬಿಣದ ಅಗುಳಿ ಹಾಕಿಸಿದಳು.

"ಇಲ್ಲಿಗ್ಯಾವ ಕಳ್ಳ ಬರ್ತಾನೆ ವಿನ್?" ಎಂದು ರೆಜ್ ಕೆಮ್ಮುತ್ತ ಕೇಳಿದ. "ಬಂದ್ರೆ ಹಸು ಬಂದೀತು."

"ಹಸುಗೂ ಚಳಿ ಆಗುತ್ತೆ, ಕಲ್ಲಿದ್ದಲು ಬೇಕಾಗುತ್ತೆ. ಸುಮ್ನೆ ಮೊಳೆ ಹೊಡಿ."

ಅವಳು ಹುಟ್ಟಿ ಬೆಳೆದದ್ದು ಲಂಡನ್ನಿನ ಹಡಗುಕಟ್ಟೆಯ ಮಗ್ಗುಲಿನ ಬರ್ಮಂಡ್ಸಿಯಲ್ಲಿ. ಅಲ್ಲಿ ಹೆಂಗಸಿನ ಮಾನ ಇರುವುದು ಮುಂಬಾಗಿಲ ಮೆಟ್ಟಿಲಲ್ಲಿ. ಹಿತ್ತಿಲ ಕಡೆಯಿಂದ ಓಡಾಡುವವನು ಒಂದೋ ಕಳ್ಳ, ಇಲ್ಲ ಬಾಡಿಗೆ ಬಾಕಿ ಇಟ್ಟು ಪರಾರಿಯಾಗುವವನು. ಬಾಂಬು ಬಿದ್ದು ಇಡೀ ಮನೆ ಕಲ್ಲುಗುಡ್ಡೆಯಾದಾಗಲೂ ವಿನ್ನಿಯ ತಾಯಿ ಬೆಳಗಾದೊಡನೆ ಬಕೆಟ್ಟು ಹಿಡಿದುಕೊಂಡು ಹೋಗಿ, ಉಳಿದಿದ್ದ ಮೆಟ್ಟಿಲೊಂದನ್ನು ತಿಕ್ಕಿ ಬಿಳಿ ಮಾಡಿ ಬಂದಿದ್ದಳಂತೆ. ಅಂಥವಳ ಮಗಳು. ಎಳೆಯ ವಯಸ್ಸಿನಿಂದ ಬಿಸ್ಕತ್ತು ಕಾರ್ಖಾನೆಯಲ್ಲಿ ನಿಂತು ದುಡಿದವಳು. ಕೂತರೆ ಮೈ ಕಡಿಯುವ ಜಾತಿ. ಮಕ್ಕಳಾಗಲಿಲ್ಲ.

ಊರು ಬಿಡಿಸಿದ್ದು ರೆಜ್‌ನ ಎದೆ. ಲಂಡನ್ನಿನಲ್ಲಿ ಹಳದಿ ಮಂಜು ಕವಿದ ಚಳಿಗಾಲ ಅವನ ಉಸಿರು ಅರ್ಧಕ್ಕೆ ಇಳಿದಿತ್ತು. ಈ ಹೊಗೆಯಲ್ಲೇ ಇದ್ದರೆ ಇನ್ನೊಂದು ಚಳಿಗಾಲ ನೋಡುವುದಿಲ್ಲ ಎಂದು ವೈದ್ಯರು ಮುಖಕ್ಕೆ ಹೇಳಿದರು. ರೈಲ್ವೆಯವರು ಥಾರ್ಕ್‌ಬಿ ಪೇಟೆಯ ಹೊರಗೆ, ಹೊಲಗಳ ನಡುವಿನ ಸಿಗ್ನಲ್ ಮನೆಯಲ್ಲಿ ಕೆಲಸ ಕೊಟ್ಟರು. ಪಕ್ಕದ ಹಳ್ಳಿಯಲ್ಲಿ ಈ ಕೆಂಪಿಟ್ಟಿಗೆಯ ಮನೆ. ರೈಲು ಹತ್ತಿಸಲು ಬಂದ ತಂಗಿ ಐವಿ, "ಮೀನಂಗಡಿ ಮೇಲಿನ ಎರಡು ರೂಮು ನಿನ್ ಹೆಸರಲ್ಲೇ ಹಿಡಿದಿಟ್ಟಿರ್ತೀನಿ, ಮಾರ್ಚಿನ ಬಾಡಿಗೆ ದಿನದವರೆಗೆ. ಆ ಕೆಸರಲ್ಲಿ ಬೇಜಾರಾದ್ರೆ ಬಂದ್ಬಿಡು," ಅಂದಿದ್ದಳು.

ಆ ಎರಡು ರೂಮು ವಿನ್ನಿಯ ತಲೆಯಲ್ಲಿ ಹಲ್ಲುನೋವಿನ ಹಾಗೆ ಕೂತುಬಿಟ್ಟವು. ವಾಪಸು ಹೋದರೆ ತನಗೆ ಜೀವ, ರೆಜ್‌ಗೆ ಹೊಗೆ. ಇಲ್ಲೇ ಉಳಿದರೆ ಅವನಿಗೆ ಉಸಿರು, ತನಗೆ? ಯಾರಾದರೂ ಒಬ್ಬಳು ಬಂದು ಬಾಗಿಲು ತಟ್ಟಲಿ, ಇದ್ದುಬಿಡುತ್ತೇನೆ ಎಂದು ಅವಳು ಒಳಗೊಳಗೇ ಪಣ ಕಟ್ಟಿಕೊಂಡಳು.

ಯಾರೂ ಬರಲಿಲ್ಲ.

ದಿನಾ ಬೆಳಗ್ಗೆ ಮೆಟ್ಟಿಲು ತಿಕ್ಕುವಳು. ಮುಂದಿನ ಕೋಣೆಯಲ್ಲಿ ಮದುವೆಗೆ ಉಡುಗೊರೆ ಬಂದ ಹೂವಿನ ಚಿತ್ತಾರದ ಕಪ್ಪುಗಳನ್ನು ಕಪಾಟಿನಲ್ಲಿ ಜೋಡಿಸಿಡುವಳು. ಕಿಟಕಿಯ ಜಾಲರಿ ಬಟ್ಟೆ ಸರಿಸಿ ನೋಡುವಳು. ಹಳ್ಳಿಯ ಹೆಂಗಸರು ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಬರುವರು, ಇವಳ ಮನೆಯ ಹತ್ತಿರ ಬರುತ್ತಲೇ ಹಿಂದಿನ ಓಣಿಗೆ ತಿರುಗಿ ಮಾಯವಾಗುವರು. ಆಮೇಲೆ ಎಲ್ಲಿಂದಲೋ ನಗು ಕೇಳುವುದು. ವಿನ್ನಿ ಎದ್ದು ಕುರ್ಚಿಯನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆಯುವಳು. ಮಧ್ಯಾಹ್ನ ಅದನ್ನೇ ಇದ್ದಲ್ಲಿಗೆ ದೂಡುವಳು. ಕಾಲು ಸುಟ್ಟ ಬೆಕ್ಕು ಕೂಡ ಆ ಮನೆಯಲ್ಲಿ ಅಷ್ಟು ತಿರುಗುತ್ತಿರಲಿಲ್ಲ.

ರೆಜ್ ಮಾತ್ರ ಬಂದ ವಾರಕ್ಕೇ ಊರವನಾಗಿದ್ದ. ಹೆಂಡದಂಗಡಿಯಿಂದ ಯಾರೋ ಕೊಟ್ಟ ಈರುಳ್ಳಿ ಕಂತೆ ಹಿಡಿದು ಶಿಳ್ಳೆ ಹಾಕುತ್ತ ಮುಂಬಾಗಿಲಲ್ಲೇ ಬರುತ್ತಿದ್ದ. ಒಳಗಿಂದ ಅಗುಳಿ ಬಿದ್ದ ಮೇಲೆ ಹಿತ್ತಿಲ ಕಡೆಯಿಂದ ಯಾರು ತಾನೇ ಬರುತ್ತಾರೆ? ಮೆಟ್ಟಿಲು ಕೊಳೆಯಾದರೆ ಹೆಂಡತಿ ಬಯ್ಯುತ್ತಾಳೆಂದು ಅದನ್ನು ದಾಟಿ ಹಾರುತ್ತಿದ್ದ.

ಬುಧವಾರ ಥಾರ್ಕ್‌ಬಿಯ ಸಂತೆ. ಬಸ್ಸಿನಲ್ಲಿ ಹಳ್ಳಿಯ ಹೆಂಗಸರೆಲ್ಲ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಇವಳು ಹತ್ತಿದೊಡನೆ ಮಾತು ತಣ್ಣಗಾಗುವುದು. ಪಕ್ಕದ ಮನೆಯ ಹೆಸ್ಟರ್ ಪ್ಲಕ್‌ರೋಸ್, ಪೀಪಾಯಿಯಂಥ ಮೈಯ ದೊಡ್ಡ ಹೆಂಗಸು, ತಲೆಯಾಡಿಸಿ, "ಚಳಿ ಜಾಸ್ತಿ, ಮಿಸೆಸ್ ಟ್ಯಾಪ್ಸೆಲ್," ಅನ್ನುವಳು.

"ಹೌದು, ಮಿಸೆಸ್ ಪ್ಲಕ್‌ರೋಸ್."

ಅಲ್ಲಿಗೆ ಮುಗಿಯಿತು. ಆ ಸೀಮೆಯಲ್ಲಿ ಬೇಕಾದವರನ್ನೆಲ್ಲ 'ಬಾತುಮರಿ' ಎಂದು ಮುದ್ದಾಗಿ ಕರೆಯುತ್ತಾರೆ. ಮೊಟ್ಟೆ ಮಾರುವ ಮುದುಕನಂತೂ ಪಾದ್ರಿಯನ್ನೂ ಬಿಡುತ್ತಿರಲಿಲ್ಲ. ವಿನ್ನಿಗೆ ಮಾತ್ರ ಎಲ್ಲರೂ 'ಮಿಸೆಸ್ ಟ್ಯಾಪ್ಸೆಲ್.' ಒಮ್ಮೆ ಹಿಂದಿನ ಸೀಟಿನಿಂದ, "ನಮ್ ಲಂಡನ್ ರಾಣಿಗೆ ಅರಮನೆ ಕಾವಲು ಬೇರೆ," ಎಂಬ ಪಿಸುಮಾತು ಕಿವಿಗೆ ಬಿತ್ತು. ಅವಳು ಸಂತೆಗೆ ಮುಂಚಿನ ನಿಲ್ದಾಣದಲ್ಲೇ ಇಳಿದು ಮಳೆಯಲ್ಲಿ ನಡೆದಳು.

ಫೆಬ್ರವರಿಯಲ್ಲಿ ರೆಜ್‌ಗೆ ನೆಗಡಿ ಎದೆಗಿಳಿಯಿತು. ಪೇಟೆಯಿಂದ ವೈದ್ಯರು ಬಂದು ಹೋದರು. ಅವನು ಚೇತರಿಸಿಕೊಂಡು ಕೆಲಸಕ್ಕೂ ಹೊರಟ. ಆದರೆ ಅವನು ಮಲಗಿದ್ದಷ್ಟು ದಿನವೂ ಒಂದು ನರಪಿಳ್ಳೆಯೂ ಬಾಗಿಲಿಗೆ ಬರಲಿಲ್ಲವಲ್ಲ, ಅದನ್ನು ವಿನ್ನಿಗೆ ನುಂಗಲಾಗಲಿಲ್ಲ.

"ಹೋಗೋಣ ರೆಜ್."

ಅವನು ಬೂಟಿನ ದಾರ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. "ಅಲ್ಲಿ ನನ್ ಎದೆ..."

"ಗೊತ್ತು."

"ಗೊತ್ತಿದ್ರೂ?"

"ನನಗೂ ಒಂದು ಎದೆ ಇದೆ," ಅಂದಳು.

ಅವನು ಇನ್ನೊಂದು ಬೂಟಿನ ದಾರವನ್ನೂ ಬಿಗಿದ. "ಸರಿ. ಮೊದ್ಲು ಪೆಟ್ಟಿಗೆ ಕಳಿಸು. ಬಾಡಿಗೆ ದಿನದೊಳಗೆ ನಾವು ಹಿಂದೇ ಹೋದ್ರಾಯ್ತು."

ಹಳ್ಳಿಯಲ್ಲಿ ವ್ಯಾನು ಇದ್ದದ್ದು ಬಡಗಿ ಗಾಡ್‌ಬೋಲ್ಡ್‌ಗೊಬ್ಬನಿಗೇ. ಮಾರ್ಚಿನ ಮೊದಲ ವಾರ ಅವನು ಬಂದ. ಬರ್ಮಂಡ್ಸಿಯಲ್ಲಿ ಸಾಮಾನು ಕಟ್ಟುವುದು ಬೀದಿಯವರ ಕಣ್ಣಿಗೆ ಬಿದ್ದರೆ ಅವಮಾನ. ಹಾಗಾಗಿ ವಿನ್ನಿ ಹಗಲಲ್ಲೇ ಮುಂದಿನ ಪರದೆಗಳನ್ನೆಲ್ಲ ಎಳೆದುಬಿಟ್ಟಿದ್ದಳು. ಹಾಸಿಗೆ ಬಟ್ಟೆ ತುಂಬಿದ ಉದ್ದನೆಯ ಮರದ ಪೆಟ್ಟಿಗೆಯನ್ನು ನೆಲದ ತೇವ ತಾಗದಂತೆ ಎರಡು ಬೆಂಚುಗಳ ಮೇಲಿಟ್ಟು, ಧೂಳಿಗೆಂದು ಬಿಳಿ ಚಾದರ ಹೊದಿಸಿದ್ದಳು. ಗಾಡ್‌ಬೋಲ್ಡ್ ಒಂದು ತುದಿ ಎತ್ತಿ ನೋಡಿ, ಸೊಂಟ ಹಿಡಿದುಕೊಂಡ.

"ಇದು ಒಬ್ಬನ ಕೈಲಾಗೋ ಕೆಲ್ಸ ಅಲ್ಲ. ನನ್ ತಮ್ಮನ್ನ ಹೆಂಡದಂಗಡಿಯಿಂದ ಎಬ್ಬಿಸ್ಕೊಂಡು ಬರ್ತೀನಿ," ಎಂದು ವ್ಯಾನನ್ನು ಅಲ್ಲೇ ಬಿಟ್ಟು, ಮುಂಬಾಗಿಲನ್ನು ಹಾರು ಹೊಡೆದು ಹೋದ.

ಚಹಾ ಇಡುವ ಎಂದು ವಿನ್ನಿ ಒಲೆಯ ಕಡೆ ತಿರುಗಿದ್ದಳು. ಎರಡು ಸಲ ಚಹಾ ಕುಡಿದರೂ ಅವನ ಸುಳಿವಿಲ್ಲ. ಕೊನೆಗೆ ಮುಂದೆ ಹೆಜ್ಜೆ ಸಪ್ಪಳ. ಬಂದು ನೋಡಿದರೆ ಬಾಗಿಲ ತುಂಬ ಹೆಂಗಸರು. ಎಲ್ಲರಿಗೂ ಕರಿ ಟೋಪಿ, ಎಲ್ಲರ ಕೈಯಲ್ಲೂ ತಟ್ಟೆ. ಮುಂದೆ ಹೆಸ್ಟರ್ ಪ್ಲಕ್‌ರೋಸ್, ಎರಡು ಕೈಯಲ್ಲೂ ತಬ್ಬಿಕೊಂಡ ಬೇಯಿಸಿದ ಹಂದಿತೊಡೆ.

"ಬಾತುಮರಿ," ಅಂದಳು ಹೆಸ್ಟರ್, ಕಣ್ಣು ತುಂಬಿಕೊಂಡು. "ಬಡಪಾಯಿ ಬಾತುಮರಿ."

ವಿನ್ನಿ ಕೈ ಏಪ್ರನ್ನಿಗೆ ಒರೆಸಿಕೊಂಡು ಪಕ್ಕಕ್ಕೆ ಸರಿದಳು. ಬಂದರು! ಇಷ್ಟು ದಿನಕ್ಕೆ ಬಂದರು, ಅದೂ ತನ್ನ ಬಿಳಿ ಮೆಟ್ಟಿಲು ಹತ್ತಿ! ಯಾಕೆ ಬಂದಿರಿ ಎಂದು ಕೇಳುವಷ್ಟು ಬುದ್ಧಿಯೂ ಉಳಿಯಲಿಲ್ಲ. ಹೂವಿನ ಕಪ್ಪುಗಳನ್ನು ತಡಬಡಿಸಿ ಇಳಿಸಿದಳು. ಹೆಂಗಸರು ಅರೆಗತ್ತಲೆಯ ಕೋಣೆಯಲ್ಲಿ ಗೋಡೆಗೆ ಒತ್ತಿ ಕೂತರು. ಒಬ್ಬಳು ಮುದುಕಿ ಎದ್ದು, ಚಾದರದ ಮೇಲೆ ಹಿಮಹೂವಿನ ಪುಟ್ಟ ಗೊಂಚಲಿಟ್ಟು ಕಣ್ಣು ಒರೆಸಿಕೊಂಡಳು.

"ಎಷ್ಟು ಒಳ್ಳೆಯ ಗಂಡಸು," ಅಂದಳು. "ಯಾವಾಗ್ಲೂ ಶಿಳ್ಳೆ."

"ಯಾರು?" ಅಂದಳು ವಿನ್ನಿ.

"ನಿಮ್ಮ ರೆಜ್, ಇನ್ಯಾರು!"

"ಅದರೊಳಗಿರೋದು ನನ್ನ ಕಂಬಳಿ. ರೆಜ್ ಸಿಗ್ನಲ್ ಮನೇಲಿದಾನೆ, ಎರಡು ಗಂಟೆಗೆ ಊಟಕ್ಕೆ ಬರ್ತಾನೆ."

ಮುದುಕಿ ಹಿಮಹೂವಿನ ಗೊಂಚಲನ್ನು ಮೆಲ್ಲಗೆ ವಾಪಸು ತೆಗೆದುಕೊಂಡಳು. ಆಮೇಲೆ ಹೆಸ್ಟರ್‌ಳ ಹೊಟ್ಟೆ ನಗುವಿಗೆ ಕುಲುಕತೊಡಗಿತು. ತೊಡೆಯ ಮೇಲಿನ ಹಂದಿತೊಡೆಯೂ ಅದರ ಜೊತೆ ಕುಲುಕಿತು. "ಅಯ್ಯೋ ದೇವರೇ! ಪರದೆ ಎಳೆದಿದೆ, ಮುಂಬಾಗಿಲು ಹಾರು ಹೊಡೆದಿದೆ, ಶವಪೆಟ್ಟಿಗೆ ಮಾಡೋನ ವ್ಯಾನು ನಿಂತಿದೆ. ಹೋದ ತಿಂಗಳು ವೈದ್ಯರು ಬೇರೆ ಬಂದಿದ್ರು. ಇನ್ನೇನು ಅಂದ್ಕೋಬೇಕು ತಾಯಿ? ನಮ್ಮಲ್ಲಿ ಮುಂಬಾಗಿಲು ತೆಗೆಯೋದು ಮದುಮಗಳಿಗೆ, ಹೆಣಕ್ಕೆ, ಪೋಲೀಸಿಗೆ. ಮದುವೆ ಅಂತೂ ಅಲ್ಲ!"

ಎಲ್ಲರೂ ನಕ್ಕರು. ವಿನ್ನಿ ನಗಲಿಲ್ಲ. ಚಹಾದ ಪಾತ್ರೆಯನ್ನು ಠಪ್ಪೆಂದು ಇಟ್ಟಳು.

"ಸತ್ರೆ ಬರ್ತೀರ! ಅವನು ಬದುಕಿ ಕೆಮ್ಮುತ್ತಾ ಮಲಗಿದ್ದಾಗ ಎಲ್ಲಿದ್ರಿ? ದಿನಾ ಮಂಡಿ ಸವೆಸಿಕೊಂಡು ಮೆಟ್ಟಿಲು ತಿಕ್ಕಿದ್ದು ಯಾರಿಗೋಸ್ಕರ ಅಂದ್ಕೊಂಡ್ರಿ?"

"ಅಷ್ಟು ಬೆಳ್ಳಗಿದ್ರೆ ಕಾಲಿಡೋಕೆ ಯಾರಿಗೆ ಧೈರ್ಯ ಬರುತ್ತೆ?" ಹೆಸ್ಟರ್‌ಳಿಗೂ ಸಿಟ್ಟು ಬಂತು. "ನಿಮ್ಮ ಗಂಡನೇ ಅದನ್ನ ಹಾರಿ ಹೋಗ್ತಾನೆ! ಬರಲಿಲ್ಲ ಅಂತೀರಲ್ಲ, ನೀವು ಬಂದ ದಿನವೇ ಸೇಬಿನ ಹೂರಣದ ಪೈ ಮಾಡ್ಕೊಂಡು ಬಂದಿದ್ದೆ ನಾನು. ಹಿತ್ತಿಲ ಗೇಟಿಗೆ ಅಗುಳಿ. ಹೊಸಾ ಅಗುಳಿ! ಈ ಓಣಿಯಲ್ಲಿ ನಮ್ಮಜ್ಜಿ ಕಾಲದಿಂದ ಯಾರೂ ಹಿತ್ತಿಲಿಗೆ ಅಗುಳಿ ಹಾಕಿಲ್ಲ. ನಮ್ಮ ಮುಖ ಬೇಡ ಅಂತ ಇದಕ್ಕಿಂತ ಬಿಡಿಸಿ ಹೇಳೋದು ಹೇಗೆ? ಗೇಟಿನ ಕಂಬದ ಮೇಲೆ ಪೈ ಇಟ್ಟು ಹೋದೆ. ಮಾರನೇ ದಿನ ತಟ್ಟೆ ಓಣೀಲಿ ಬಿದ್ದಿತ್ತು."

"ನಾನು ಪೈ ನೋಡೇ ಇಲ್ಲ."

"ಗಾಡ್‌ಬೋಲ್ಡ್ ನಾಯಿ ನೋಡಿರುತ್ತೆ," ಅಂದಳು ಮೂಲೆಯ ಮುದುಕಿ. "ಆ ವಾರ ಅದು ಕರೆದ್ರೂ ಎದ್ದಿಲ್ಲ."

ಈ ಸಲ ವಿನ್ನಿಗೆ ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅದೇ ಹೊತ್ತಿಗೆ ರೆಜ್ ಬಂದ. ಮೆಟ್ಟಿಲ ತುಂಬ ಕೆಸರಿನ ಹೆಜ್ಜೆಗಳನ್ನು ನೋಡಿ ಗಾಬರಿಯಾಗಿ, ಒಳಗಿನ ಕರಿ ಟೋಪಿಗಳನ್ನು ನೋಡಿ ಟೋಪಿ ತೆಗೆದು ಎದೆಗೊತ್ತಿಕೊಂಡ.

"ಯಾರು ಹೋದ್ರು?" ಎಂದು ಮೆಲ್ಲಗೆ ಕೇಳಿದ.

"ನೀನೇ," ಅಂದಳು ವಿನ್ನಿ. "ಕೂತ್ಕೋ. ನಿನ್ ಸಾವಿನೂಟ ತಣ್ಣಗಾಗ್ತಿದೆ."

ಅವನು ಎರಡು ಸಲ ಹಾಕಿಸಿಕೊಂಡು ತಿಂದ. ಹೆಂಗಸರು ಮಾತಿಗೆ ಬಿದ್ದಿದ್ದಾಗ ವಿನ್ನಿ ಸದ್ದಿಲ್ಲದೆ ಎದ್ದು ಹಿತ್ತಿಲಿಗೆ ಹೋದಳು. ಚಳಿಗಾಲದ ಮಳೆಗೆ ಅಗುಳಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕೈಯಲ್ಲಿ ಎಳೆದಳು, ಬರಲಿಲ್ಲ. ಕಲ್ಲಿದ್ದಲು ಒಡೆಯುವ ಸುತ್ತಿಗೆ ತಂದು ಹೊಡೆದಳು. ಹೊಡೆತಕ್ಕೆ ಒಳಗೆ ಮಾತು ನಿಂತಿತು. ಮೊಳೆಸಮೇತ ಕಿತ್ತು ಬರುವವರೆಗೂ ಅವಳು ಹೊಡೆದಳು.

ವಾಪಸು ಬಂದಾಗ ಗಾಡ್‌ಬೋಲ್ಡ್ ತಮ್ಮನನ್ನು ಎಳೆದುಕೊಂಡು ಬಂದು ನಿಂತಿದ್ದ. "ಪೆಟ್ಟಿಗೆ ಎತ್ತೋದಾ, ಬೇಡ್ವಾ?"

ರೆಜ್ ತಟ್ಟೆಯಿಂದ ತಲೆ ಎತ್ತಿ ಹೆಂಡತಿಯನ್ನೇ ನೋಡಿದ.

"ಎತ್ತಿ," ಅಂದಳು ವಿನ್ನಿ. "ಮಹಡಿಗೆ. ಬಾಗಿಲ ಚೌಕಟ್ಟಿಗೆ ತಾಗಿಸಬೇಡಿ."

ಬುಧವಾರ ಪೇಟೆಯ ಟೆಲಿಫೋನ್ ಗೂಡಿನಿಂದ ಮೀನಂಗಡಿಗೆ ಫೋನು ಮಾಡಿ, ರೂಮು ಬೇರೆಯವರಿಗೆ ಕೊಡು ಎಂದು ಐವಿಗೆ ಹೇಳಿದಳು. ಹೇಳಿ ಹೊರಗೆ ಬಂದವಳು ಸಂತೆಯನ್ನು ಸುಮ್ಮನೆ ಎರಡು ಸುತ್ತು ಹಾಕಿದಳು. ತಪ್ಪು ಮಾಡಿದೆನೋ ಏನೋ ಎಂಬ ಹುಳ ಅಂದೂ ಕೊರೆಯಿತು, ಆಮೇಲೂ ಆಗಾಗ ಕೊರೆಯುತ್ತಿತ್ತು. ಹೆಂಗಸಿನ ಚಡಪಡಿಕೆ ಸಾಯುವವರೆಗೂ ಹೋಗಲಿಲ್ಲ. ಆದರೆ ತಿರುಗಲು ಈಗ ಓಣಿಯುದ್ದಕ್ಕೂ ಹಿತ್ತಿಲುಗಳಿದ್ದವು. ಒಂದು ಮನೆಯಲ್ಲಿ ಅರ್ಧ ಕಪ್ಪು ಚಹಾ, ಇನ್ನೊಂದರಲ್ಲಿ ಇನ್ನರ್ಧ. ಮೆಟ್ಟಿಲು ತಿಕ್ಕುವುದನ್ನೂ ಬಿಡಲಿಲ್ಲ. "ಯಾವ ಪೋಲೀಸಿಗೋಸ್ಕರ ಇಷ್ಟು ಬಿಳಿ ಮಾಡ್ತಿದೀಯ?" ಎಂದು ಹೆಸ್ಟರ್ ಬೇಲಿಯಾಚೆಯಿಂದ ಕೂಗುವಳು.

ರೆಜ್ ಆ ಗಾಳಿಯಲ್ಲಿ ಹತ್ತೊಂಬತ್ತು ಚಳಿಗಾಲ ಶಿಳ್ಳೆ ಹಾಕಿದ. ಕೊನೆಗೆ ಒಂದು ಬೆಳಗ್ಗೆ ವಿನ್ನಿ ಮುಂದಿನ ಪರದೆಗಳನ್ನು ಎಳೆದು, ಮುಂಬಾಗಿಲು ತೆಗೆದಿಟ್ಟಳು. ಹೆಸ್ಟರ್ ಬರಿಗೈಯಲ್ಲಿ ಹಿತ್ತಿಲಿಂದಲೇ ಓಡಿ ಬಂದು, ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ಈ ಸಲ ನಿಜವಾ, ಬಾತುಮರಿ?"

ವಿನ್ನಿ ಹೌದೆಂದು ತಲೆಯಾಡಿಸಿದಳು. ಹೆಸ್ಟರ್ ಮನೆಗೆ ಹೋಗಿ, ಕರಿ ಟೋಪಿ ಹಾಕಿಕೊಂಡು, ಸುತ್ತು ಬಳಸಿ ಮುಂಬಾಗಿಲಿಗೆ ಬಂದಳು.

ಶವಸಂಸ್ಕಾರಕ್ಕೆ ಬಂದ ಐವಿ, ಇನ್ನು ಇಲ್ಲಿ ಯಾರಿದ್ದಾರೆ, ಲಂಡನ್ನಿಗೆ ನಡಿ ಎಂದು ಕೈ ಹಿಡಿದಳು. ವಿನ್ನಿ ಉತ್ತರ ಕೊಡುವ ಮೊದಲೇ ಹಿತ್ತಿಲ ಗೇಟು ಕಿರ್ರೆಂದಿತು. ಅವಳು ಎದ್ದು ಇನ್ನೊಂದು ಕಪ್ಪು ಇಳಿಸಿದಳು.