ಡಾಕ್ಟರಮ್ಮ ಹೇಳಿದ್ದರಲ್ಲಿ ಅರ್ಧ

ನನ್ನ ತಂಗಿಗೆ ಮುಟ್ಟಾದರೆ ಹನ್ನೆರಡು ದಿನವಾದರೂ ನಿಲ್ಲುತ್ತಿರಲಿಲ್ಲ. ಗೆಂಡೆಹಳ್ಳಿಯ ಗಂಡನ ಮನೆಯಲ್ಲಿ ಯಾರಿಗೂ ಹೇಳದೆ ಬಟ್ಟೆ ಒಗೆದುಕೊಂಡು ಹೊಲಕ್ಕೆ ಹೋಗುತ್ತಿದ್ದಳು. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಒಂದು ದಿನ ರಾಗಿ ಕಳೆ ತೆಗೆಯುತ್ತಿದ್ದವಳು ತಲೆಸುತ್ತಿ ಬಿದ್ದಾಗ, ಜಾವಗಲ್ಲಿನಲ್ಲಿದ್ದ ನನಗೆ ಫೋನು ಬಂತು. ನಾನು ಓದಿರುವುದು ಐದನೇ ಕ್ಲಾಸು. ಆದರೆ ಎರಡು ಹೆತ್ತು, ಮೂವತ್ತೊಂದಕ್ಕೇ ಗರ್ಭಕೋಶ ತೆಗೆಸಿಕೊಂಡವಳು. ಹೆಂಗಸರ ಕಾಯಿಲೆ ಎಂದರೆ ನಮ್ಮವರಿಗೆಲ್ಲ ನಾನೇ ದೊಡ್ಡ ಡಾಕ್ಟರು.

ಅವಳನ್ನು ಅರಸೀಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಆಯಿತು. ಮೈಯಲ್ಲಿ ರಕ್ತವೇ ಇಲ್ಲವೆಂದು ಮಲಗಿಸಿ ರಕ್ತ ಹಾಕಿದರು. ಡಾಕ್ಟರಮ್ಮ ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು: “ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದೆ. ಕ್ಯಾನ್ಸರ್ ಥರ ಕಾಣ್ತಿಲ್ಲ, ಹೆದರಬೇಡಿ. ಮಗು ಬೇಕು ಅಂದ್ರೆ ಗಡ್ಡೆ ಮಾತ್ರ ತೆಗೀಬಹುದು. ಬಸಿರಾಗೇ ಆಗ್ತಾರೆ ಅಂತ ಮಾತು ಕೊಡಲ್ಲ, ಗಡ್ಡೆ ಮತ್ತೆ ಬರಲೂಬಹುದು. ಮಗು ಬೇಡ ಅಂದ್ರೆ ಗರ್ಭಕೋಶನೇ ತೆಗೆಯೋದು ಇನ್ನೊಂದು ದಾರಿ. ತೀರ್ಮಾನ ಅವರದ್ದು. ಅವರಿಗೆ ಸರಿಯಾಗಿ ತಿಳಿಸಿ.”

ವಾಪಸ್ ಬರುವಾಗ ಬಸ್ಸಿನಲ್ಲಿ ತಂಗಿ ಕೇಳಿದಳು, “ಏನಂದ್ರು?”

“ತೆಗೆಸ್ಬೇಕಂತೆ.”

“ಗಡ್ಡೆನಾ?”

“ಗರ್ಭಕೋಶನೇ. ನಂಗೂ ತೆಗೆದಿಲ್ವಾ? ಗುಂಡುಕಲ್ಲಿನ ಹಂಗಿದೀನಿ ನೋಡು.”

“ಗುಂಡುಕಲ್ಲೇನೋ ನಿಜ ಬಿಡು,” ಎಂದು ನಗಲು ನೋಡಿದಳು. ಜಾವಗಲ್ಲು ಬಂತು, ನಾನು ಇಳಿದೆ.

ಯಾಕೆ ಹಾಗೆ ಹೇಳಿದೆನೆಂದು ಬರೆಯಲೇಬೇಕು. ನನ್ನ ಕಿರಿಮಗಳು ಸ್ಕೂಲಿಗೆಂದು ತಂಗಿಯ ಮನೆಯಲ್ಲೇ ಇದ್ದಾಳೆ. “ಇನ್ನು ಈ ಮನೆಗೆ ಇವಳೇ ಮಗಳು,” ಎಂದು ತಂಗಿಯ ಅತ್ತೆ ಒಮ್ಮೆ ಅಂದಿದ್ದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದೆ. ತಂಗಿಗೆ ಸ್ವಂತ ಮಗು ಆದರೆ ನನ್ನ ಮಗಳು ಅಲ್ಲಿ ನೆಂಟಳಾಗುತ್ತಾಳೆ. ಈ ಯೋಚನೆ ನನಗೆ ಡಾಕ್ಟರಮ್ಮನ ಎದುರು ಕೂತಿದ್ದಾಗಲೇ ಬಂದಿತ್ತು. ತಂಗಿಯ ಒಳ್ಳೆಯದಕ್ಕೇ ಹೇಳಿದೆ ಅನ್ನುವುದನ್ನು ಆಮೇಲೆ ಸೇರಿಸಿಕೊಂಡೆ.

ಆಪರೇಷನ್ನಿಗೆ ದಿನ ಗೊತ್ತು ಮಾಡಲು ಹೋಗಬೇಕಿದ್ದ ಹಿಂದಿನ ದಿನ ಅವಳು ನಮ್ಮ ಮನೆಗೆ ಬಂದಳು. ನಾನು ಅಂಗಳದಲ್ಲಿ ಕೊಬ್ಬರಿ ಒಡೆಯುತ್ತಿದ್ದೆ. ಪಕ್ಕದಲ್ಲಿ ಕೂತು ಚಿಪ್ಪು ಬಿಡಿಸತೊಡಗಿದಳು.

“ಅಕ್ಕ, ಗಡ್ಡೆ ಒಂದನ್ನೇ ತೆಗೆಯಕ್ಕೆ ಆಗಲ್ವಂತಾ? ಕೇಳಿದ್ಯಾ ನೀನು?”

ಅವಳು ತಲೆ ಎತ್ತಿರಲಿಲ್ಲ. ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗನ್ನಲು ನನಗೆ ಬಾಯಿ ಬರಲಿಲ್ಲ.

“ಆಯ್ತದಂತೆ. ಅವತ್ತೇ ಹೇಳಿದ್ರು.”

ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು. “ಹದಿನೆಂಟು ದಿನ ಆಯ್ತು ಕಣೇ. ಹದಿನೆಂಟು ದಿನದಿಂದ ಅಳ್ತಾ ಇದೀನಿ.”

ಮಗಳ ವಿಷಯವನ್ನೂ ಹೇಳಿದೆ.

“ಥೂ ನಿನ್ನ! ನಂಗೊಂದು ಹುಟ್ಟಿದ್ರೆ ಅವಳನ್ನ ಬೀದಿಗೆ ಬಿಡ್ತಿದ್ನಾ? ದಿನಾ ಅವಳಿಗೆ ಜಡೆ ಹಾಕೋಳು ನಾನು ಕಣೇ, ನೀನಲ್ಲ.”

ಎದ್ದು ಹೋದಳು. ಗಂಡನ ಜೊತೆ ಹೋಗಿ ಗಡ್ಡೆಯನ್ನು ಮಾತ್ರ ತೆಗೆಸಿಕೊಂಡಳು. ಆ ಸಂಕಟದ ರಕ್ತಸ್ರಾವ ನಿಂತಿತು. ಎರಡು ವರ್ಷವಾಯಿತು, ಮಗು ಆಗಿಲ್ಲ. ನನ್ನ ಮಗಳು ಅಲ್ಲೇ ಇದ್ದಾಳೆ. ತಂಗಿ ಮಾತ್ರ ಆಸ್ಪತ್ರೆಗೆ ನನ್ನನ್ನು ಕರೆಯುವುದನ್ನು ಬಿಟ್ಟಿದ್ದಳು.

ಮೊನ್ನೆ ಫೋನು ಮಾಡಿದಳು. “ನಾಳೆ ಅರಸೀಕೆರೆಗೆ ಬಾ. ನಮ್ಮೋರಿಗೆ ಬಿಡುವಿಲ್ಲ. ಆದ್ರೆ ಒಳಕ್ಕೆ ನಾನೇ ಹೋಗ್ತೀನಿ. ನೀನು ಆಚೆ ಚಪ್ಪಲಿ ಕಾಯ್ಕಂಡು ಕೂತಿರು.”

ಕೂತಿದ್ದೆ. ಬಹಳ ಹೊತ್ತಾದ ಮೇಲೆ ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಸಣ್ಣ ಗಡ್ಡೆಯೊಂದು ಮತ್ತೆ ಕಾಣಿಸಿದೆಯಂತೆ. ಸದ್ಯಕ್ಕೆ ಆಪರೇಷನ್ ಬೇಡವಂತೆ, ಮಗುವಿಗೆ ಇನ್ನೂ ಪ್ರಯತ್ನಿಸಬಹುದಂತೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ, ಒಂದೂ ಬಿಡದೆ, ನನಗೆ ಹೇಳಿದಳು.