ಕೂಸಿನ ಕಿವಿ ಯಾರದು

ನನ್ನ ಮಗಳು ಹುಟ್ಟಿದಾಗ ಅವಳ ಕಿವಿಗಳು ಹುಣಸೆಬೀಜದಷ್ಟೇ ಇದ್ದವು. ಕೆನ್ನೆಯ ಎಲುಬು ತಗ್ಗು, ಕಣ್ಣಿನ ಹೊರತುದಿ ಕೆಳಗಿಳಿದಿತ್ತು. ಗ್ರಹಣದ ಹೊತ್ತಿನಲ್ಲಿ ನಾನು ಹೀರೇಕಾಯಿ ಹೆಚ್ಚಿದ್ದೇ ಕಾರಣವೆಂದು ಇಳಕಲ್ಲಿನ ನಮ್ಮ ಓಣಿ ತೀರ್ಪು ಕೊಟ್ಟಿತು. ಗ್ರಹಣ ಗಿಹಣ ನಂಬುವುದಿಲ್ಲ ಎನ್ನುತ್ತಿದ್ದ ಲಿಂಗಪೂಜೆಯ ಮನೆಯವರೂ ತಲೆಯಾಡಿಸಿದರು. ಹೆಚ್ಚಿದ್ದಂತೂ ನಿಜ. ಅತ್ತೆ ಮಾತ್ರ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆ ಮೌನವೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಮೊದಲೇ ಅವರು ನನಗೆ ಬಿಗುಮಾನದವರಂತೆ ಕಾಣುತ್ತಿದ್ದರು. ಎಡಗಡೆ ನಿಂತು ಕರೆದರೆ ತಿರುಗುತ್ತಿರಲಿಲ್ಲ. ತಲೆಯ ಮೇಲಿನ ಕೆಂಪು ಸೆರಗು ಅಡುಗೆಮನೆಯಲ್ಲೂ ಜಾರುತ್ತಿರಲಿಲ್ಲ. ದೀಪಾವಳಿಗೆ ಮನೆಮಂದಿಗೆಲ್ಲ ಎಣ್ಣೆ ಹಚ್ಚಿ, ತಾವು ಮಾತ್ರ ಬಚ್ಚಲಿನ ಬಾಗಿಲು ಹಾಕಿಕೊಂಡು ಹಚ್ಚಿಕೊಳ್ಳುತ್ತಿದ್ದರು.

ಆರು ತಿಂಗಳಾದರೂ ಕೂಸು ತಾಟು ಬಿದ್ದ ಸದ್ದಿಗೂ ಬೆಚ್ಚಲಿಲ್ಲ. ಗಂಡ, ಅತ್ತೆ, ನಾನು ಅವಳನ್ನೆತ್ತಿಕೊಂಡು ಹುನಗುಂದದ ಮೇಲೆ ಹಾಯುವ ಬಸ್ಸಿನಲ್ಲಿ ಬಾಗಲಕೋಟೆಗೆ ಹೋದೆವು. ನವನಗರದ ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿದರು. ನನ್ನ ನಾಲಿಗೆ ಅದಕ್ಕೆ ಹೊರಳಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ಎಲ್ಲ ಬೂದುಗಣ್ಣಿನ ಬಿಳಿ ಮಕ್ಕಳು.

“ಇವರಿಗೂ ನಮ್ಮ ಕೂಸಿಗೂ ಏನ್ ಸಂಬಂಧರೀ?” ಎಂದೆ, ಸ್ವಲ್ಪ ಜೋರಾಗಿಯೇ.

“ಅದಽ ತೊಂದ್ರಿ ನೋಡ್ರಿ,” ಎಂದರು ಡಾಕ್ಟರು. “ಪುಸ್ತಕದಾಗ ಅವರ ಮಾರೀನಽ ಹೆಚ್ಚು. ಆಫ್ರಿಕಾದವರು, ಚೀನಾದವರು, ನಾವು, ಎಲ್ಲಾರ ಮಾರಿ ಕಟ್ಟೂ ಬ್ಯಾರೆ ಬ್ಯಾರೆ. ಒಂದಽ ಬ್ಯಾನಿ ಒಬ್ಬೊಬ್ಬರ ಮ್ಯಾಲೆ ಒಂದೊಂದು ನಮೂನಿ ಕಾಣ್ತೈತಿ. ಒಂದಽ ಮನ್ಯಾಗೂ ಒಬ್ಬರಿಗೆ ಎದ್ದು ಕಾಣ್ತೈತಿ, ಒಬ್ಬರಿಗೆ ಗೊತ್ತಽ ಆಗೂದಿಲ್ಲ. ನಿಮ್ಮ ಮನ್ಯಾಗ ಇಂಥಾ ಮಾರಿ ಯಾರದರ ಐತೇನ್ರಿ?”

ಹಾಗೆಂದು ಅವರು ನನ್ನ ಗಂಡನ ಕಣ್ಣುಗಳನ್ನೇ ನೋಡಿದರು. ಆ ಇಳಿಗಣ್ಣು ಕಂಡೇ ನಾನು ಮದುವೆಗೆ ಒಪ್ಪಿದ್ದು. ಈಗ ಅದೂ ಕಾಯಿಲೆಯ ಲೆಕ್ಕಕ್ಕೆ ಬಿತ್ತು. ಗಂಡ, “ಇಲ್ರೀ” ಎಂದರು.

ಅತ್ತೆ ಮೆಲ್ಲಗೆ ಸೆರಗು ಸರಿಸಿದರು. ಎಡಗಿವಿ ಇರಬೇಕಾದಲ್ಲಿ ಒಂದು ಸಣ್ಣ ಮಡಿಕೆ, ಅಷ್ಟೆ. ಗಂಡನೂ ಅದನ್ನು ಕಂಡದ್ದು ಅಂದೇ.

“ಇದು ನನ್ನ ಕಡೆಯಿಂದ ಬಂದದ್ದರೀ. ನನ್ನ ಸೊಸೀದು ಏನೂ ತಪ್ಪಿಲ್ಲ.”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆರು ತಿಂಗಳು ನನ್ನನ್ನು ಹೀರೇಕಾಯಿಗೆ ಒಪ್ಪಿಸಿ ಸುಮ್ಮನಿದ್ದರಲ್ಲ! ಬಸ್ಸಿನಲ್ಲಿ ಕೂಸನ್ನೆತ್ತಿಕೊಂಡು ಬೇರೆ ಸೀಟಿಗೆ ಹೋಗಿ ಕುಳಿತೆ. ಬಸ್ಸಿಳಿದು ಬಂದಾಗ ಕಟ್ಟೆಯ ಮೇಲೆ ಕುಳಿತವರು ಡಾಕ್ಟರು ಏನೆಂದರೆಂದು ಕೇಳಿದರು. ಅತ್ತೆ ಅಲ್ಲೇ ನಿಂತು ಅವರಿಗೂ ಕಿವಿ ತೋರಿಸಿದರು. ಹೀರೇಕಾಯಿಯ ಮಾತು ಅಲ್ಲಿಗೆ ನಿಂತಿತು.

ಮಗಳಿಗೆ ಈಗ ಸದ್ದು ಕೇಳಿಸಲು ತಲೆಗೆ ಕಟ್ಟುವ ಪಟ್ಟಿಯ ಯಂತ್ರವಿದೆ. ಕರೆದರೆ ತಿರುಗುತ್ತಾಳೆ. ನಾನೂ ಅತ್ತೆಯ ಬಲಗಡೆಗೆ ಹೋಗಿಯೇ ಮಾತಾಡುತ್ತೇನೆ.

ಆ ವರ್ಷದ ದೀಪಾವಳಿಗೆ ಅತ್ತೆ ಎಣ್ಣೆಬಟ್ಟಲು ತಂದು ನನ್ನ ಮುಂದಿಟ್ಟರು. ಸೆರಗನ್ನು ಹೆಗಲಿಗಿಳಿಸಿ, ನನಗೆ ಬೆನ್ನು ಮಾಡಿ ಕುಳಿತರು.

“ಕಿವಿ ಹಂತ್ಯಾಕ ಹಗೂರ ಹಚ್ಚವ್ವಾ,” ಎಂದರು. “ನಮ್ಮವ್ವ ಹ್ವಾದಮ್ಯಾಲೆ ಅಲ್ಲಿ ಯಾರೂ ಮುಟ್ಟಿಲ್ಲ.”